ಅರ್ಧ ಕೊಲೆ, ಐವತ್ತು ಉಂಡೆ

ನಮ್ಮ ಮನೆಯಲ್ಲಿ ಏನು ಕಳೆದರೂ ಹುಡುಕುವ ಕೆಲಸ ನನ್ನದು, ಸಿಗುವುದು ಮಾತ್ರ ನನ್ನ ಹೆಂಡತಿಗೆ. ಕನ್ನಡಕ, ಸ್ಕೂಟರಿನ ಕೀ, ಗ್ಯಾಸಿನ ಪುಸ್ತಕ, ಒಮ್ಮೆ ನನ್ನ ಕಾಲಲ್ಲೇ ಇದ್ದ ಚಪ್ಪಲಿ, ಎಲ್ಲ ಹೀಗೇ. ಆದರೂ ಪತ್ತೇದಾರಿಕೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆ ನನಗೆ ಮೀಸೆ ಬರುವ ಮೊದಲಿನಿಂದಲೂ ಇದೆ. ಎನ್. ನರಸಿಂಹಯ್ಯನವರು ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅದರಲ್ಲಿ ಕೈಗೆ ಸಿಕ್ಕಷ್ಟನ್ನೂ ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓದಿದವನು ನಾನು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತಕ್ಕೆ ಮೂವತ್ತೈದೇ ಬರಲು ಆ ಕಾದಂಬರಿಗಳ ಪತ್ತೇದಾರ ಪುರುಷೋತ್ತಮನೇ ಕಾರಣ ಎಂದು ಅಪ್ಪ ಕಂಡುಹಿಡಿದರು. ನಮ್ಮ ವಂಶದಲ್ಲಿ ಇಲ್ಲಿಯವರೆಗೆ ಯಶಸ್ವಿಯಾದ ತನಿಖೆ ಅದೊಂದೇ.

ಅಷ್ಟೆಲ್ಲ ಓದಿದ್ದಕ್ಕೆ ನನ್ನಲ್ಲಿ ಒಂದು ಸಿದ್ಧಾಂತ ಉಳಿದುಕೊಂಡಿದೆ. ಯಾರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲವೋ, ಮಾಡಿದ್ದು ಅವರೇ. ಇದನ್ನು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ವಿವರಿಸಿದ್ದೆ. ಅವಳು ಆಗ ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಿರಲಿಲ್ಲ.

ನಿವೃತ್ತಿಯಾದ ಎರಡನೇ ವರ್ಷ, ಮೈಸೂರಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವನೊಬ್ಬನ ಹತ್ತಿರ ಚಾರ್ಲ್ಸ್ ಡಿಕನ್ಸನ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ ಕಣ್ಣಿಗೆ ಬಿತ್ತು. “ಮರ್ಡರ್ ಸಾರ್, ಚಿಕ್ಕ ಊರಲ್ಲಿ ನಡೆಯೋದು. ದೊಡ್ಡ ರೈಟರು. ನೂರೈವತ್ತು ಕೊಡಿ” ಅಂದ. ಕಾಲು ಗಂಟೆ ಹೋರಾಡಿ ನೂರಿಪ್ಪತ್ತಕ್ಕೆ ಇಳಿಸಿದೆ. ಅಲ್ಲಿದ್ದ ಡಿಕನ್ಸನ ಉಳಿದ ಪುಸ್ತಕಗಳೆಲ್ಲ ತಲೆದಿಂಬಿನಷ್ಟು ದಪ್ಪ, ಇದೊಂದು ಮಾತ್ರ ತೆಳ್ಳಗಿತ್ತು. ಪತ್ತೇದಾರನಿಗೆ ಇದೇ ಮೊದಲ ಸುಳಿವಾಗಬೇಕಿತ್ತು. ನಾನೋ, ಕೊನೆಗಾಲದಲ್ಲಾದರೂ ಮನುಷ್ಯ ಚುಟುಕಾಗಿ ಬರೆಯುವುದನ್ನು ಕಲಿತನಲ್ಲ ಎಂದು ಮೆಚ್ಚಿಕೊಂಡೆ.

ಮನೆಗೆ ತಂದವನೇ ಬ್ರೌನ್ ಪೇಪರ್ ಹಚ್ಚಿ ಬೈಂಡ್ ಹಾಕಿದೆ. ಮುಂದೆ, ಹಿಂದೆ, ಅಂಚು ಮಡಚಿ, ಸ್ಕೂಲಿನಲ್ಲಿ ಹಾಕುತ್ತಿದ್ದ ಹಾಗೇ. ಬೈಂಡ್ ಹಾಕುವ ಮೊದಲು ಹೆಂಡತಿ ಪುಸ್ತಕವನ್ನು ತಿರುಗಿಸಿ ನೋಡಿ ಬಾಯಿ ತೆರೆಯುವ ಹೊತ್ತಿಗೆ ನಾನು ಕೈ ಎತ್ತಿ ತಡೆದಿದ್ದೆ. ದಿನಾ ರಾತ್ರಿ ಒಂಬತ್ತಕ್ಕೆ ಒಂದು ಅಧ್ಯಾಯ, ನಾನು ಓದಿ ಕನ್ನಡದಲ್ಲಿ ಹೇಳುವುದು, ನೀವು ಕೇಳುವುದು. ನಿಯಮ ಒಂದೇ. ಮುಂದೇನಾಗುತ್ತದೆ ಅಂತ ಗೊತ್ತಿದ್ದವರು ಯಾವ ಕಾರಣಕ್ಕೂ ಬಾಯಿಬಿಡಬಾರದು. ಅವಳು ಬಾಯಿ ಮುಚ್ಚಿದಳು.

ಅದೇ ವಾರ ಅವಳು ಐವತ್ತು ರವೆ ಉಂಡೆ ಕಟ್ಟಿ ಸ್ಟೀಲ್ ಡಬ್ಬದಲ್ಲಿಟ್ಟಿದ್ದಳು. ಮಗಳು ಬೆಂಗಳೂರಿನಿಂದ ತಿಂಗಳ ಕೊನೆಗೆ ಬರುವವಳಿದ್ದಳು. “ಈ ಸಲ ಸಕ್ಕರೆ ಕಮ್ಮಿ ಹಾಕಿದೀನಿ” ಅಂತ ಹೇಳಿದ್ದೂ ನೆನಪಿದೆ. ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವುದು ಇಬ್ಬರಿಗೆ, ನನಗೆ ಮತ್ತು ಅಮ್ಮನಿಗೆ. ಅಮ್ಮನಿಗೆ ಎಂಬತ್ತಾಯಿತು, ಹೋದ ವರ್ಷ ಹಲ್ಲಿನ ಸೆಟ್ ಹಾಕಿಸಿದ ಮೇಲೆ ಎಲೆಯಡಿಕೆಯನ್ನೂ ಬಿಟ್ಟು ಋಷಿಯ ಹಾಗೆ ಇದ್ದಾಳೆ. ಆದ್ದರಿಂದ ಡಬ್ಬ ಹಗುರಾದಾಗಲೆಲ್ಲ ಎಲ್ಲರೂ ನೋಡುವುದು ನನ್ನನ್ನೇ. ಹಿಂದೊಮ್ಮೆ ಕೋಡುಬಳೆ ಪ್ರಕರಣದಲ್ಲಿ ನನ್ನ ಹೆಸರು ಕೇಳಿಬಂದಿತ್ತು, ಸುಳ್ಳೇಕೆ ಹೇಳಲಿ.

ಸರಿ, ಓದು ಶುರುವಾಯಿತು. ಒಂಬತ್ತು ಹೊಡೆಯುತ್ತಲೇ ಅಮ್ಮ “ತಾಳೋ, ನೀರು ಕುಡಿದು ಬರ್ತೀನಿ” ಎಂದು ಅಡುಗೆಮನೆಗೆ ಹೋಗಿ ಬಂದು, ಸೆರಗು ಹೊದ್ದು ದಿವಾನದ ಮೂಲೆಯಲ್ಲಿ ಕೂರುವಳು. ಹೆಂಡತಿ ಅವರೆಕಾಯಿ ಸುಲಿಯುತ್ತ ನೆಲದ ಮೇಲೆ. ನಾನು ಟ್ಯೂಬ್‌ಲೈಟಿನ ಕೆಳಗೆ.

ಊರಿನ ಹೆಸರು ಕ್ಲಾಯ್ಸ್ಟರ್‌ಹ್ಯಾಮ್. ಇಂಗ್ಲೆಂಡಿನ ಕೆಂಟ್ ಸೀಮೆಯ ರೋಚೆಸ್ಟರ್ ಊರನ್ನೇ ಡಿಕನ್ಸ್ ಹೆಸರು ಬದಲಿಸಿ ತಂದದ್ದು. ಅವನು ಹುಡುಗನಾಗಿದ್ದಾಗ ಅದರ ಪಕ್ಕದ ಚಾಥಮ್‌ನಲ್ಲಿದ್ದ, ಕೊನೆಗಾಲಕ್ಕೂ ಅಲ್ಲೇ ಹತ್ತಿರ ಗ್ಯಾಡ್ಸ್ ಹಿಲ್‌ನಲ್ಲಿ ಮನೆ ಮಾಡಿಕೊಂಡಿದ್ದ. ಊರ ನಡುವೆ ಹಳೇ ಕಥೀಡ್ರಲ್ಲು, ಎಲ್ಲಿ ಅಗೆದರೂ ಸನ್ಯಾಸಿಗಳ ಮೂಳೆ. ಸತ್ತ ಮಠಾಧಿಪತಿಗಳು ಕರಗಿ ಆದ ಮಣ್ಣಿನಲ್ಲೇ ಅಲ್ಲಿನ ಮಕ್ಕಳು ಸೊಪ್ಪು ಬೆಳೆಯುತ್ತಾರೆ ಎನ್ನುತ್ತಾನೆ ಡಿಕನ್ಸ್.

“ಎರಡು ಸಲ ತೊಳೀಬೇಕು ಅಂಥ ಸೊಪ್ಪನ್ನ” ಅಂದಳು ಅಮ್ಮ.

ಜಾನ್ ಜಾಸ್ಪರ್ ಆ ಕಥೀಡ್ರಲ್ಲಿನಲ್ಲಿ ಹಾಡಿಸುವ ಮೇಷ್ಟ್ರು. ಹಗಲು ದೇವರ ಹಾಡು, ಕದ್ದುಮುಚ್ಚಿ ಲಂಡನ್ನಿಗೆ ಹೋಗಿ ಅಫೀಮು. ಅಫೀಮು ಅಂದರೆ ಗಸಗಸೆ ಗಿಡದ್ದೇ ಕಣಮ್ಮ ಎಂದೆ. “ಗೊತ್ತು ಬಿಡು, ಗಸಗಸೆ ಪಾಯಸ ಕುಡಿದ ದಿನ ನಿಮ್ಮಪ್ಪ ಆಫೀಸಿಗೆ ಚಕ್ಕರ್” ಅಂದಳು. ಈ ಜಾಸ್ಪರನ ಅಕ್ಕರೆಯ ಹುಡುಗ ಎಡ್ವಿನ್ ಡ್ರೂಡ್. ಇಂಗ್ಲಿಷಿನಲ್ಲಿ ಅಂಕಲ್ ಅಂತ ಒಂದೇ ಮಾತು, ಚಿಕ್ಕಪ್ಪನೋ ಮಾವನೋ ಓದುವವರೇ ನೋಡಿಕೊಳ್ಳಬೇಕು. ಇಬ್ಬರ ಮನೆತನದ ಹೆಸರು ಬೇರೆ ಬೇರೆ ಇದ್ದದ್ದರಿಂದ ನಾನು ಸೋದರಮಾವ ಎಂದುಬಿಟ್ಟೆ. ತಪ್ಪಾದದ್ದು ಅಲ್ಲೇ.

“ಸೋದರಮಾವನೇ? ಹಾಗಾದರೆ ಕೇಳೋದೇನಿದೆ, ಕಂಸ!” ಅಂದಳು ಅಮ್ಮ.

ಆಗಿನ್ನೂ ಕೊಲೆಯೇ ಆಗಿರಲಿಲ್ಲ. ಎರಡನೇ ರಾತ್ರಿ. ನಾನು ಕನಿಕರದಿಂದ ನಕ್ಕೆ. ಅಷ್ಟು ಸುಲಭವಾಗಿದ್ದರೆ ಡಿಕನ್ಸ್ ಬರೆಯಬೇಕಿತ್ತೇ? ನನ್ನ ಸಿದ್ಧಾಂತದ ಪ್ರಕಾರ ಕೊಲೆಗಾರ ಕ್ರಿಸ್‌ಪಾರ್ಕಲ್ ಎಂಬ ಪಾದ್ರಿ. ಬೆಳಿಗ್ಗೆ ಎದ್ದು ತಣ್ಣೀರು ಸ್ನಾನ ಮಾಡುವವನು, ತಾಯಿಯನ್ನು ದೇವರ ಹಾಗೆ ನೋಡಿಕೊಳ್ಳುವವನು. ಇಷ್ಟು ಒಳ್ಳೆಯವನಾಗಿರಲು ಬೇರೆ ಕಾರಣವೇ ಇಲ್ಲ. ಅಮ್ಮನ ಬಾಯಲ್ಲಿ ಅವನು ‘ಕುರುಕುಲು ಪಾದ್ರಿ’ ಆದ. ಎಡ್ವಿನ್‌ಗೆ ನಿಶ್ಚಯವಾಗಿದ್ದ ಹುಡುಗಿ ರೋಸಾ ಬಡ್, ‘ಮೊಗ್ಗಮ್ಮ’. ಸಿಲೋನಿನಿಂದ ಬಂದ ಅವಳಿ, ನೆವಿಲ್ ಮತ್ತು ಹೆಲೆನಾ, ‘ರೇಡಿಯೊ ಸಿಲೋನ್ ಮಕ್ಕಳು’. ನಾಲ್ಕೈದು ದಿನದಲ್ಲಿ ಇಂಗ್ಲೆಂಡಿನ ಊರೊಂದು ಪೂರ್ತಿ ನಮ್ಮ ಅಗ್ರಹಾರಕ್ಕೆ ಬಂದಿಳಿದಿತ್ತು.

ಕಥೆಗಿಂತ ಊರೇ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಸ್ಯಾಪ್ಸಿ ಎಂಬ ಹರಾಜಿನವನೊಬ್ಬ, ಊರಿಗೆ ದೊಡ್ಡ ಮನುಷ್ಯ. ಸತ್ತ ಹೆಂಡತಿಯ ಗೋರಿಗೆ ತಾನೇ ಬರಹ ಬರೆದು, ಅದರಲ್ಲಿ ಅವಳ ಹೆಸರು ಒಂದು ಸಲ ಹಾಕಿ ಉಳಿದದ್ದರಲ್ಲಿ ತನ್ನನ್ನೇ ಹೊಗಳಿಕೊಂಡವನು. ಅದನ್ನು ಓದಿದಾಗ ಹೆಂಡತಿ ಅವರೆಕಾಯಿ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು. ಏನಾಯಿತು ಅಂದೆ. “ಏನಿಲ್ಲ, ನಮ್ಮ ಇಪ್ಪತ್ತೈದನೇ ವಾರ್ಷಿಕೋತ್ಸವಕ್ಕೆ ನೀವು ಮಾಡಿದ ಭಾಷಣ ನೆನಪಾಯ್ತು” ಅಂದಳು.

ಇನ್ನೊಬ್ಬ ಡರ್ಡಲ್ಸ್, ಗೋರಿ ಕಟ್ಟುವ ಕಲ್ಲುಕುಟಿಗ, ಸದಾ ಕುಡಿದಿರುವವನು. ಸುತ್ತಿಗೆಯಿಂದ ಗೋಡೆ ತಟ್ಟಿ, ಒಳಗೆ ಟೊಳ್ಳೋ ಗಟ್ಟಿಯೋ, ಹೆಣ ಹಾಗೇ ಇದೆಯೋ ಪುಡಿಯಾಗಿದೆಯೋ ಹೇಳಬಲ್ಲ. ಅಮ್ಮ ಇದನ್ನು ನಂಬಿದಳು, ಅವಳು ತೆಂಗಿನಕಾಯಿ ಕೊಳ್ಳುವುದೂ ಹಾಗೇ. ಈ ಡರ್ಡಲ್ಸ್ ಒಬ್ಬ ಪೋರನಿಗೆ ಅರ್ಧ ಪೆನ್ನಿ ಕೊಟ್ಟು ಗುತ್ತಿಗೆ ಮಾಡಿಕೊಂಡಿದ್ದ. ರಾತ್ರಿ ಹತ್ತರ ಮೇಲೆ ತಾನು ಬೀದಿಯಲ್ಲಿ ಕಂಡರೆ ಕಲ್ಲು ಹೊಡೆದು ಮನೆಗೆ ಅಟ್ಟಬೇಕು. ಅಂಥ ಹುಡುಗ ನಮ್ಮ ಬೀದಿಯಲ್ಲಿ ಸಿಗುತ್ತಾನೆಯೇ ಎಂದು ಹೆಂಡತಿ ವಿಚಾರಿಸಿದಳು, ನಾನು ಗುರುವಾರ ಇಸ್ಪೀಟಿಗೆ ಹೋಗುತ್ತೇನೆ.

ಈ ಡರ್ಡಲ್ಸನ ಅಂಗಳದಲ್ಲೇ ಸುಟ್ಟ ಸುಣ್ಣದ ಗುಡ್ಡೆ. ಬೂಟು ಹಾಕಿಕೊಂಡು ತುಳಿದರೆ ಬೂಟು ತಿನ್ನುತ್ತದೆ, ಸ್ವಲ್ಪ ಕೆದಕಿ ಒಳಗಿಟ್ಟರೆ ಮೂಳೆಯನ್ನೂ ತಿನ್ನುತ್ತದೆ ಎಂದು ಅವನು ಜಾಸ್ಪರನಿಗೆ ಹೇಳುತ್ತಾನೆ.

“ಐವತ್ತು ವರ್ಷ ಎಲೆಗೆ ಸುಣ್ಣ ಹಚ್ಚಿದವಳು ನಾನು. ಒಂದು ಚಿಟಿಕೆ ಹೆಚ್ಚಾದರೆ ನಾಲಿಗೆ ನಾಲ್ಕು ದಿನ ಕೆಲಸಕ್ಕೆ ಬರ್ತಿರಲಿಲ್ಲ. ಆ ಹುಡುಗನ ಕಥೆ ಮುಗೀತು ಅಂತ ಬರ್ಕೋ” ಅಂದಳು ಅಮ್ಮ.

ಹೀಗೆ ಅವಳು ಬಾಯಿಬಿಟ್ಟು ಮಾತಾಡಿದ್ದು ಅಧ್ಯಾಯದ ಕೊನೆಯಲ್ಲಿ ಮಾತ್ರ. ಓದುತ್ತಿರುವಾಗಲೆಲ್ಲ ಬರೀ ‘ಹೂಂ, ಹೂಂ’. ತುಟಿ ಬಿಗಿದು, ದವಡೆ ಮೆಲ್ಲಗೆ ಆಡಿಸುತ್ತ ಕೂತಿರುವಳು. ಅಡಿಕೆ ಬಿಟ್ಟರೂ ದವಡೆ ಹಳೇ ಅಭ್ಯಾಸ ಬಿಟ್ಟಿಲ್ಲ ಅಂದುಕೊಂಡೆ. ನನ್ನ ಓದಿನ ಶೈಲಿಗೆ ಮೈಮರೆತಿದ್ದಾಳೆ ಎಂಬ ಹೆಮ್ಮೆಯೂ ಇತ್ತು.

ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ, ಬಿರುಗಾಳಿಯಲ್ಲಿ ಎಡ್ವಿನ್ ಮಾಯವಾಗುತ್ತಾನೆ. ಅವನ ಗಡಿಯಾರವೂ ಷರ್ಟಿನ ಪಿನ್ನೂ ನದಿಯ ಅಡ್ಡಗಟ್ಟೆಯಲ್ಲಿ ಸಿಗುತ್ತವೆ. ಅದೂ ಯಾರಿಗೆ? ತಣ್ಣೀರು ಪಾದ್ರಿಗೆ. ನಾನು “ನೋಡಿದಿರಾ!” ಎಂದು ಕುರ್ಚಿಯಿಂದ ಎದ್ದುನಿಂತೆ. ಆದರೆ ಹಿಂದಿನ ಅಧ್ಯಾಯ ನನ್ನನ್ನು ಕೂರಿಸಿತು. ಎಡ್ವಿನ್ ಮತ್ತು ರೋಸಾ ತಮ್ಮ ನಿಶ್ಚಿತಾರ್ಥವನ್ನು ಆಗಲೇ ಮುರಿದುಕೊಂಡಿದ್ದರು, ಅದು ಜಾಸ್ಪರನಿಗೆ ಗೊತ್ತಿರಲಿಲ್ಲ. ರೋಸಾಳ ಪೋಷಕನಾದ ಲಾಯರು ಆ ಸುದ್ದಿ ಹೇಳಿದಾಗ ಜಾಸ್ಪರ್ ಚೀರಿ, ಕೆಸರು ಬಟ್ಟೆಯ ಗಂಟಿನ ಹಾಗೆ ನೆಲಕ್ಕೆ ಕುಸಿಯುತ್ತಾನೆ.

“ದಂಡಕ್ಕೆ ಕೊಂದುಬಿಟ್ಟ. ಪಾಪ” ಅಂದಳು ಹೆಂಡತಿ. ಅಮ್ಮ “ಹೂಂ.”

ಹದಿನೆಂಟನೇ ರಾತ್ರಿ ಕಥೆಗೆ ಹೊಸಬ ಬಂದ. ಡ್ಯಾಚರಿ ಅಂತ. ಬಿಳಿ ಕೂದಲು, ಕಪ್ಪು ಹುಬ್ಬು, ಟೋಪಿ ತಲೆಯ ಮೇಲಿರದೆ ಕೈಯಲ್ಲೇ ಇರುವ ವಿಚಿತ್ರ. ಯಾರೋ ವೇಷ ಹಾಕಿ ಬಂದಿದ್ದಾರೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಬಂದವನೇ ಜಾಸ್ಪರನ ಮೇಲೆ ಕಣ್ಣಿಡುತ್ತಾನೆ. 

“ಬುದ್ಧಿವಂತ” ಅಂದಳು ಹೆಂಡತಿ. ಅಷ್ಟು ದಿನದಲ್ಲಿ ಅವಳು ಮನಸಾರೆ ಹೊಗಳಿದ್ದು ಆ ಒಬ್ಬನನ್ನೇ.

ಆ ರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಬಾಗಿಲ ಹಿಂದೆ ಸೀಮೆಸುಣ್ಣದ ಗೆರೆಗಳಿದ್ದವು. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಹಾಲಿನ ಲೆಕ್ಕವಿರಬೇಕು ಅಂದುಕೊಂಡೆ. ಹಳೇ ಮನೆಯಲ್ಲಿ ಅಮ್ಮ ಹೀಗೇ ಬರೆಯುತ್ತಿದ್ದಳು.

ಇಪ್ಪತ್ತಮೂರನೇ ರಾತ್ರಿಗೆ ಮಗಳೂ ಬಂದಿದ್ದಳು. ಜಾಸ್ಪರ್ ಮತ್ತೆ ಅಫೀಮಿನ ಮನೆಗೆ ಹೋಗುತ್ತಾನೆ, ಅಲ್ಲಿನ ಮುದುಕಿ ಅವನ ಬಾಯಿಂದ ಏನೋ ಹೊರಡಿಸಲು ನೋಡುತ್ತಾಳೆ, ಆಮೇಲೆ ಅವನ ಬೆನ್ನು ಹತ್ತಿ ಊರಿಗೇ ಬರುತ್ತಾಳೆ. ಕಥೀಡ್ರಲ್ಲಿನ ಕಂಬದ ಮರೆಯಿಂದ ಅವನತ್ತ ಮುಷ್ಟಿ ಅಲ್ಲಾಡಿಸುತ್ತಾಳೆ. ಡ್ಯಾಚರಿ ಅದನ್ನು ನೋಡುತ್ತಾನೆ. ಒಂದೊಂದು ವಿಷಯ ತಿಳಿದಾಗಲೂ ತನ್ನ ಬೀರುವಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು ಅವನ ಪದ್ಧತಿ, ಅಕ್ಷರ ಗೊತ್ತಿಲ್ಲದ ಹೆಂಡದಂಗಡಿಯವರು ಸಾಲದ ಲೆಕ್ಕ ಇಡುತ್ತಿದ್ದ ಹಾಗೆ. ಮನೆಗೆ ಬಂದವನೇ ಬೀರುವಿನ ಬಾಗಿಲಿನ ಮೇಲಿಂದ ಕೆಳಗಿನವರೆಗೆ ದಪ್ಪನೆಯ ಗೆರೆಯೊಂದನ್ನು ಎಳೆದು, ಹಸಿದವನ ಹಾಗೆ ತಿಂಡಿಗೆ ಕೂರುತ್ತಾನೆ. ನನ್ನ ಗಂಟಲು ನಡುಗುತ್ತಿತ್ತು. ಪುಟ ತಿರುಗಿಸಿದೆ.

ಟಿಪ್ಪಣಿಗಳು. ಒಂದರಿಂದ ಶುರು.

ಹಿಂದಕ್ಕೆ ತಿರುಗಿಸಿದೆ. ಎರಡು ಪುಟ ಅಂಟಿಕೊಂಡಿರಬಹುದೆಂದು ಉಗುರು ಹಾಕಿ ಬಿಡಿಸಲು ನೋಡಿದೆ. ಬೆಳಕಿಗೆ ಹಿಡಿದೆ.

“ಆಮೇಲೆ?” ಅಂದಳು ಅಮ್ಮ.

“ತಿಂಡಿ ತಿಂದ.”

“ಅದು ಕೇಳಿಸ್ತು. ಕೊಲೆ ಏನಾಯ್ತು?”

ಮಗಳು ಅಷ್ಟರಲ್ಲಿ ಮೊಬೈಲ್ ತೆಗೆದು ನೋಡಿಬಿಟ್ಟಿದ್ದಳು. “ಅಪ್ಪಾ, ಇದು ಮುಗಿದೇ ಇಲ್ಲ. ಡಿಕನ್ಸ್ ಸತ್ತುಹೋದ.” ಹನ್ನೆರಡು ತಿಂಗಳ ಕಂತಿನಲ್ಲಿ ಬರಬೇಕಿದ್ದ ಕಥೆ. 1870ರ ಏಪ್ರಿಲ್‌ನಲ್ಲಿ ಮೊದಲ ಕಂತು ಬಂತು, ಅವನು ಬರೆದಿಟ್ಟದ್ದು ಆರೇ ಆರು. ಜೂನ್ 8ರಂದು ಆ ತಿಂಡಿಯ ಸಾಲು ಬರೆದ, ಸಂಜೆ ಊಟಕ್ಕೆ ಕೂತಲ್ಲೇ ಕುಸಿದ, ಮರುದಿನ ತೀರಿಕೊಂಡ. ಐವತ್ತೆಂಟು ವಯಸ್ಸು.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಅವನಿಗೆ ತಿಂಡಿ ಹಾಕಿ ತಾನು ಊಟ ಬಿಟ್ಟು ಎದ್ದುಹೋದನಲ್ಲೋ” ಅಂದಳು ಆಮೇಲೆ.

ನಾನು ಬ್ರೌನ್ ಪೇಪರ್ ಹರಿದೆ. ಹಿಂದಿನ ರಕ್ಷಾಪುಟದಲ್ಲಿ, ಎರಡನೇ ಸಾಲಿನಲ್ಲೇ, ಲೇಖಕರ ಕೊನೆಯ, ಅಪೂರ್ಣ ಕಾದಂಬರಿ ಎಂದು ಅಚ್ಚಾಗಿತ್ತು. ಇಪ್ಪತ್ತಮೂರು ರಾತ್ರಿ ಅದರ ಮೇಲೇ ಅಂಗೈಯೂರಿ ಓದಿದ್ದೇನೆ.

“ನಿನಗೆ ಗೊತ್ತಿತ್ತಾ?” ಅಂದೆ ಹೆಂಡತಿಗೆ.

“ಮೊದಲನೇ ದಿನವೇ ಓದಿದ್ದೆ. ಮುಂದೇನಾಗುತ್ತೆ ಗೊತ್ತಿದ್ದವರು ಬಾಯಿಬಿಡಬಾರದು ಅಂತ ನೀವೇ ತಾನೆ ರೂಲ್ಸ್ ಮಾಡಿದ್ದು?”

ಮಗಳು ಓದುತ್ತಲೇ ಹೋದಳು. ಡಿಕನ್ಸ್ ತನ್ನ ಸ್ನೇಹಿತ ಫಾರ್ಸ್ಟರ್‌ಗೆ ಹೇಳಿದ್ದನಂತೆ, ಕೊಲ್ಲುವವನು ಆ ಮಾವನೇ. ಹೆಣವನ್ನು ಸುಣ್ಣ ತಿಂದರೂ ಎಡ್ವಿನ್‌ನ ಜೇಬಿನಲ್ಲಿದ್ದ ಚಿನ್ನದ ಉಂಗುರ ಉಳಿದು ಗುಟ್ಟು ಹೊರಗೆ ಬರುವುದು, ಜಾಸ್ಪರ್ ಜೈಲಿನ ಕೋಣೆಯಲ್ಲಿ ಎಲ್ಲ ಒಪ್ಪಿಕೊಳ್ಳುವುದು. ಚಿತ್ರ ಬರೆಯುತ್ತಿದ್ದ ಲ್ಯೂಕ್ ಫೈಲ್ಡ್ಸ್‌ಗೆ, ಜಾಸ್ಪರನ ಕೊರಳಿಗೆ ಎರಡು ಸುತ್ತು ಬರುವಷ್ಟು ಉದ್ದದ ಸ್ಕಾರ್ಫ್ ಹಾಕು, ಕತ್ತು ಬಿಗಿಯಲು ಬೇಕು ಎಂದಿದ್ದನಂತೆ. ಅಂದರೆ ಅಮ್ಮ ಎರಡನೇ ರಾತ್ರಿಯೇ ಹೇಳಿದ್ದು ಸರಿ. ಇನ್ನೂ ಒಂದು ಸಂಗತಿ ಇತ್ತು. ಕಥೆಯ ಮುಂದಿನ ಭಾಗವನ್ನು ಪ್ರಜೆಗಳಿಗಿಂತ ಮೊದಲೇ ತಿಳಿಯಬೇಕೆಂದಿದ್ದರೆ ಹೇಳಲು ಸಿದ್ಧ ಎಂದು ವಿಕ್ಟೋರಿಯಾ ರಾಣಿಗೆ ಡಿಕನ್ಸ್ ಹೇಳಿಕಳಿಸಿದ್ದ. ರಾಣಿ ಕೇಳಲಿಲ್ಲ.

“ಕೇಳಿದ್ದರೆ ಇಷ್ಟು ಹೊತ್ತಿಗೆ ನಾವು ಮಲಗಬಹುದಿತ್ತು” ಅಂದಳು ಅಮ್ಮ.

ಮುಗಿಸಲು ಹೊರಟವರಿಗೇನೂ ಬರವಿಲ್ಲ. 1873ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಒಬ್ಬ ಮುದ್ರಕ, ಡಿಕನ್ಸನ ಆತ್ಮವೇ ಬಂದು ತನ್ನ ಕೈಯಲ್ಲಿ ಬರೆಸಿತು ಎಂದು ಇನ್ನರ್ಧವನ್ನು ಅಚ್ಚು ಹಾಕಿ ಮಾರಿದ. 1985ರಲ್ಲಿ ಬ್ರಾಡ್‌ವೇ ನಾಟಕದವರು, ಕೊಲೆಗಾರ ಯಾರು ಎಂದು ದಿನಾ ರಾತ್ರಿ ಪ್ರೇಕ್ಷಕರಿಂದಲೇ ಕೈ ಎತ್ತಿಸಿ ಕಥೆ ಮುಗಿಸಿದರು. ಎಲ್ಲಕ್ಕಿಂತ ಅಮ್ಮನಿಗೆ ಹಿಡಿಸಿದ್ದು 1914ರ ಸಂಗತಿ. ಲಂಡನ್ನಿನಲ್ಲಿ ಜಾಸ್ಪರನ ಮೇಲೆ ಅಣಕು ವಿಚಾರಣೆ ನಡೆಸಿದರು. ಜಿ.ಕೆ. ಚೆಸ್ಟರ್ಟನ್ ನ್ಯಾಯಾಧೀಶ, ಬರ್ನಾರ್ಡ್ ಷಾ ಜ್ಯೂರಿಯ ಮುಖಂಡ. ಷಾ ಎದ್ದುನಿಂತು ತಲೆಹರಟೆ ತೀರ್ಪು ಕೊಟ್ಟ. ಚೆಸ್ಟರ್ಟನ್ ತನ್ನೊಬ್ಬನನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ನ್ಯಾಯಾಲಯ ನಿಂದನೆಯ ದಂಡ ಹಾಕಿದ.

“ಅದೇ ಸರಿ. ಇಲ್ಲೂ ಮಾಡೋಣ” ಅಂದವಳೇ ಅಮ್ಮ ದಿಂಬಿಗೆ ಒರಗಿ ನ್ಯಾಯಾಧೀಶೆಯಾದಳು.

ಮೊದಲ ಮೊಕದ್ದಮೆ ಐದು ನಿಮಿಷದಲ್ಲಿ ಮುಗಿಯಿತು. ಜಾಸ್ಪರನೇ ಅಪರಾಧಿ. ಡ್ಯಾಚರಿ ಯಾರು ಎಂಬುದಕ್ಕೆ ಮಗಳು ಹೆಲೆನಾ ಅಂದಳು, ಹುಡುಗಿಯಾಗಿದ್ದಾಗ ಗಂಡುವೇಷ ಹಾಕಿಕೊಂಡು ಮನೆಬಿಟ್ಟು ಓಡಿದ್ದಳಲ್ಲ ಎಂದು. ಹೆಂಡತಿ, ಲಾಯರ ಗುಮಾಸ್ತ ಅಂದಳು. ನಾನು ಪಾದ್ರಿ ಅಂದೆ. ಯಾರೂ ಬರೆದುಕೊಳ್ಳಲಿಲ್ಲ.

ಎರಡನೇ ಮೊಕದ್ದಮೆ ಯಾರೂ ಹೂಡದೆ ಹುಟ್ಟಿತು. ಮಗಳು ಅಡುಗೆಮನೆಯಿಂದ ಡಬ್ಬ ತಂದಳು. ಒಂದು ಉಂಡೆ ಬಾಯಿಗೆ ಹಾಕಿಕೊಂಡು, “ಏನಮ್ಮಾ, ಸಕ್ಕರೆಯೇ ಇಲ್ಲ?” ಅಂದಳು.

“ತಿನ್ನೋರಿಗೆ ತಕ್ಕ ಹಾಗೆ ಮಾಡಿದೀನಿ” ಅಂದಳು ಹೆಂಡತಿ. ಆಮೇಲೆ ಎಣಿಸಿದಳು. ಮಗಳು ತಿಂದದ್ದೂ ಸೇರಿ ಇಪ್ಪತ್ತೇಳು. ಐವತ್ತರಲ್ಲಿ ಇಪ್ಪತ್ತಮೂರು ಮಾಯ. ಹೆಣವೂ ಇಲ್ಲ, ಉಂಗುರವೂ ಇಲ್ಲ.

ಮೂರು ಜೊತೆ ಕಣ್ಣು ನನ್ನ ಮೇಲೆ. ಆದರೆ ಈ ಸಲ ನನ್ನ ಹತ್ತಿರ ಬಲವಾದ ಸಾಕ್ಷಿಯಿತ್ತು. ಹಗಲೆಲ್ಲ ಅಡುಗೆಮನೆಯಲ್ಲಿ ಇವಳೇ ಇರುತ್ತಾಳೆ. ರಾತ್ರಿ ಒಂಬತ್ತರಿಂದ ಹತ್ತು, ಟ್ಯೂಬ್‌ಲೈಟಿನ ಕೆಳಗೆ, ಎಲ್ಲರ ಕಣ್ಣೆದುರು ನಾನು ಓದುತ್ತಿದ್ದೆ. ಇದನ್ನು ನಿಂತುಕೊಂಡು, ಲಾಯರ ಹಾಗೆ ಬೆರಳೆತ್ತಿ ವಾದಿಸಿದೆ.

“ಹೌದು ಅತ್ತೆ, ಈ ಸಲ ಇವರಲ್ಲ” ಅಂದಳು ಹೆಂಡತಿ. ಮದುವೆಯಾದ ಮೇಲೆ ಮೊದಲ ಬಾರಿಗೆ ನಾನು ನಿರ್ದೋಷಿಯಾದೆ.

“ಆಯ್ತು ಆಯ್ತು, ಕೋರ್ಟು ಮುಗೀತು” ಎಂದು ನ್ಯಾಯಾಧೀಶೆ ಸ್ವಲ್ಪ ಅವಸರದಲ್ಲೇ ಎದ್ದಳು. ಏಳುವ ಮುನ್ನ ದಂಡ ಹಾಕಿದಳು. ಮೊಬೈಲು ನೋಡಿ ಕಥೆ ಕೆಡಿಸಿದ್ದಕ್ಕೆ ಮಗಳಿಗೆ, ಗೊತ್ತಿದ್ದೂ ಮುಚ್ಚಿಟ್ಟದ್ದಕ್ಕೆ ಸೊಸೆಗೆ, ಅರ್ಧ ಪುಸ್ತಕಕ್ಕೆ ಪೂರ್ತಿ ದುಡ್ಡು ಕೊಟ್ಟದ್ದಕ್ಕೆ ನನಗೆ.

ಮರುದಿನ ಹಳೇ ಪುಸ್ತಕದವನ ಹತ್ತಿರ ಹೋಗಿ ಜಗಳ ತೆಗೆದೆ. ಡಿಕನ್ಸ್ ಕೂಡ ಪ್ರಕಾಶಕರ ಜೊತೆ ಮಾಡಿಕೊಂಡ ಕರಾರಿನಲ್ಲಿ, ನಾನು ನಡುವೆ ಸತ್ತರೆ ನಿಮಗೆ ಹಣ ಹಿಂದಿರುಗಿಸುವ ಏರ್ಪಾಡಾಗಲಿ ಎಂದು ಬರೆಸಿದ್ದ ಕಣಯ್ಯ, ನನ್ನ ಅರವತ್ತು ರೂಪಾಯಿ ಕೊಡು ಅಂದೆ. ಅವನು ಪುಸ್ತಕವನ್ನು ತಿರುಗಿಸಿ ನೋಡಿ, ಹರಿದ ಬ್ರೌನ್ ಪೇಪರ್ ನೋಡಿ, ನನ್ನನ್ನು ನೋಡಿದ.

“ಸೆಕೆಂಡ್ ಪಾರ್ಟ್ ಬಂದ್ರೆ ನಿಮಗೇ ಎತ್ತಿಟ್ಟಿರ್ತೀನಿ ಸಾರ್.”

ಮನೆಗೆ ಬಂದಾಗ ಹತ್ತು ಗಂಟೆ. ಹೆಂಡತಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಸೀಮೆಸುಣ್ಣದಿಂದ ಬಾಗಿಲಿನ ಮೇಲಿಂದ ಕೆಳಗಿನವರೆಗೆ ದಪ್ಪನೆಯ ಗೆರೆಯೊಂದನ್ನು ಎಳೆದು, ಕೈ ಒರೆಸಿಕೊಂಡು, ಉಪ್ಪಿಟ್ಟಿನ ತಿಂಡಿಗೆ ಕೂತಳು. ತುಂಬ ಹಸಿದವಳ ಹಾಗೆ ಕಂಡಳು.

“ಏನದು?” ಅಂದೆ.

“ಹಾಲಿನ ಲೆಕ್ಕ.”

ಸರಿ ಎಂದು ಪೇಪರ್ ತೆಗೆದುಕೊಂಡು ನಡುಮನೆಗೆ ಬಂದೆ. ಕನ್ನಡಕ ಹುಡುಕುತ್ತಿರುವಾಗ ಹೊಳೆಯಿತು, ನಮ್ಮ ಮನೆಗೆ ಹಾಲು ಪ್ಯಾಕೆಟ್ಟಿನಲ್ಲಿ ಬರತೊಡಗಿ ಇಪ್ಪತ್ತು ವರ್ಷವಾಗಿದೆ. ದಿನಾ ದುಡ್ಡು ಕೊಟ್ಟು ತರುವವನು ನಾನೇ. ಇದರಲ್ಲಿ ಲೆಕ್ಕ ಬರೆಯುವುದೇನಿದೆ?

“ಅಲ್ಲಮ್ಮ, ಇವಳು ಬಾಗಿಲ ಮೇಲೆ ಅದೇನು ಗೀಚ್ತಾಳೆ, ನಿನಗೇನಾದರೂ ಗೊತ್ತಾ?” ಅಂದೆ.

ಅಮ್ಮ ಸೆರಗು ಹೊದ್ದು ದಿವಾನದ ಮೂಲೆಯಲ್ಲಿ ಕೂತಿದ್ದಳು. ಕಿಟಕಿಯ ಆಚೆ ನೋಡುತ್ತ, ತುಟಿ ಬಿಗಿದು, “ಹೂಂ” ಅಂದಳು.